ಲೆಕ್ಕದ ಪುಸ್ತಕದಿಂದ ದಂಡಿನ ಮುಂದಾಳುತನಕ್ಕೆ: ದಿವಾನ ರಾಜಾ ಕೇಶವದಾಸರು

ದಂಡು ನಡೆಸುವ ವಿದ್ಯೆ ಬೇರೆ, ಕಂಪೆನಿ ನಡೆಸುವ ವಿದ್ಯೆ ಬೇರೆ ಎಂದು ಬಹು ಜನ ಭಾವಿಸುವರು. ಗುಮಾಸ್ತನಿಗೆ ಖಡ್ಗದ ಗೊಡವೆಯೇಕೆಂದು ನಗುವವರೂ ಉಂಟು. ತಿರುವಾಂಕೂರಿನ ದಿವಾನ ರಾಜಾ ಕೇಶವದಾಸರ ಚರಿತ್ರೆಯನ್ನು ಬಲ್ಲವರು ಹಾಗೆ ನಗಲಾರರು.

ಇಂದಿನ ಕನ್ಯಾಕುಮಾರಿ ಜಿಲ್ಲೆಯ ಕುನ್ನತ್ತೂರಿನಲ್ಲಿ 1745ರಲ್ಲಿ ಜನಿಸಿದ ಕೇಶವ ಪಿಳ್ಳೆಯವರು ಎಳೆಯ ವಯಸ್ಸಿನಲ್ಲಿಯೇ ಪೋಕ್ಕುಮೂಸಾ ಮರಕ್ಕಾರ್ ಎಂಬ ವರ್ತಕರ ಬಳಿ ಲೆಕ್ಕ ಬರೆಯಲು ನಿಂತರು. ಮುಂದೆ ಕಾರ್ತಿಕ ತಿರುನಾಳ್ ರಾಮವರ್ಮ ಮಹಾರಾಜರ ಅರಮನೆಯಲ್ಲಿ ಬರವಣಿಗೆಯ ಚಾಕರಿ ದೊರೆಯಿತು. ಒಂದೊಂದೇ ಮೆಟ್ಟಿಲೇರಿ 1789ರಲ್ಲಿ ಅವರು ದಿವಾನರಾದರು.

ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಶ್ರೀರಂಗಪಟ್ಟಣದ ಟೀಪೂ ಸುಲ್ತಾನರ ಸೈನ್ಯವು ನೆಡುಂಕೋಟ್ಟೆಯ ಮೇಲೆ ಬಿದ್ದಿತು. ನಮ್ಮ ಎಡಪ್ಪಳ್ಳಿಯಿಂದ ಉತ್ತರಕ್ಕೆ, ಆಲುವಾದ ಆಚೆ, ಕಡಲಂಚಿನಿಂದ ಬೆಟ್ಟದ ಬುಡದವರೆಗೆ ಹಬ್ಬಿದ್ದ ಕೋಟೆಯದು. ಮೊದಲ ದಾಳಿಯನ್ನು ತಿರುವಾಂಕೂರಿನ ಸಿಪಾಯಿಗಳು ಹಿಮ್ಮೆಟ್ಟಿಸಿದರು. 1790ರ ಏಪ್ರಿಲಿನಲ್ಲಿ ಕೋಟೆ ಮುರಿಯಿತಾದರೂ ಪೆರಿಯಾರಿನ ನೆರೆಯೂ ಇಂಗ್ಲಿಷರ ಯುದ್ಧಸನ್ನಾಹವೂ ಸುಲ್ತಾನರನ್ನು ಹಿಂದಿರುಗಿಸಿದವು.

ಸೈನ್ಯವು ಬರಿಯ ಶೌರ್ಯದಿಂದ ನಿಲ್ಲದು. ಉಗ್ರಾಣದಲ್ಲಿ ಅಕ್ಕಿಯಿಲ್ಲದಾಗ ಅಡಿಗೆಯವರನ್ನು ಗದರಿ ಫಲವಿಲ್ಲವೆಂಬುದು ಹೋಟೆಲು ನಡೆಸಿದ ನಮಗೆ ಗೊತ್ತು. ತಿರುವಾಂಕೂರಿನ ಬೊಕ್ಕಸಕ್ಕೆ ಕಾಳುಮೆಣಸಿನ ವ್ಯಾಪಾರವೇ ದೊಡ್ಡ ಆಧಾರವಾಗಿತ್ತು. ಆಲಪ್ಪುಳದ ಬಂದರನ್ನು ಬೆಳೆಸಿ ಹೊರನಾಡಿನ ವರ್ತಕರನ್ನು ಕರೆತಂದವರೂ, ತಿರುವನಂತಪುರದಲ್ಲಿ ಚಾಲ ಪೇಟೆಯನ್ನು ಕಟ್ಟಿಸಿದವರೂ ಇದೇ ದಿವಾನರು. ವರ್ತಕರ ಬಳಿ ಕಲಿತ ಲೆಕ್ಕವು ಹೀಗೆ ರಾಜ್ಯರಕ್ಷಣೆಗೆ ಒದಗಿತು.

ಫ್ರಾನ್ಸಿನಲ್ಲಿ ಗಣಿ ಕಂಪೆನಿಯೊಂದನ್ನು ನಡೆಸಿದ ಆಂರಿ ಫಯೋಲ್ ಎಂಬವರು 1916ರಲ್ಲಿ ಆಡಳಿತದ ಹದಿನಾಲ್ಕು ತತ್ತ್ವಗಳನ್ನು ಹೇಳಿದರು. ನೌಕರನಿಗೆ ಅಪ್ಪಣೆ ಕೊಡುವವನು ಒಬ್ಬನೇ ಇರಬೇಕೆಂಬುದು ಅವುಗಳಲ್ಲೊಂದು. ದಂಡಿನವರಿಗೆ ಅದು ಹಳೆಯ ಪಾಠ. ಆದರೆ ಅಪ್ಪಣೆ ಒಂದೇ ಬಾಯಿಂದ ಬಂದರೆ ಸಾಲದು. ಆ ಬಾಯಿಗೆ ಒಡೆಯನ ವಿಶ್ವಾಸದ ಬಲವೂ ಬೇಕು. ದಿವಾನರ ಕೊನೆಯ ದಿನಗಳೇ ಇದಕ್ಕೆ ಸಾಕ್ಷಿ.

1798ರಲ್ಲಿ ಮಹಾರಾಜರು ತೀರಿಕೊಂಡರು. ಹದಿನಾರರ ಬಾಲರಾಮವರ್ಮರು ಪಟ್ಟವೇರಿದರು. ಆಪ್ತರೆನಿಸಿಕೊಂಡವರ ಮಾತು ಅರಮನೆಯಲ್ಲಿ ಮೇಲಾಯಿತು. ಹಳೆಯ ದಿವಾನರ ಅಧಿಕಾರ ಹೋಯಿತು. 1799ರ ಏಪ್ರಿಲಿನಲ್ಲಿ ಅವರು ಮರಣ ಹೊಂದಿದರು. ವಿಷವಿಕ್ಕಿ ಕೊಂದರೆಂಬ ಮಾತು ಜನರ ಬಾಯಲ್ಲಿ ಉಳಿದಿದೆ. ಶತ್ರುವಿನ ಫಿರಂಗಿಗೆ ಜಗ್ಗದವರನ್ನು ಸ್ವಂತ ಅರಮನೆಯ ಪಿತೂರಿ ಕೆಡವಿತು.

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರೂ ಕಚೇರಿಯಲ್ಲಿ ಕಡತ ಬರೆಯುವವರೂ ತಮ್ಮ ಕೆಲಸ ಕಿರಿದೆಂದು ಕುಗ್ಗಬೇಕಿಲ್ಲ. ಯಜಮಾನರಾದವರೂ ಒಂದನ್ನು ನೆನೆಯಲಿ: ದುಡಿದ ಕೈಯನ್ನು ಕಳೆದುಕೊಳ್ಳುವುದು ಸುಲಭ, ಅಂಥ ಕೈ ಮತ್ತೆ ದೊರೆಯುವುದು ಕಷ್ಟ.