ದೊಮಿಂಗೊಸ್ ಡ ಗಿಯಾ: ಚೆಂಡನ್ನು ಕುಣಿಸಿದ ರಕ್ಷಣಾ ಆಟಗಾರ

1938ರ ಜೂನ್ 16. ಫ್ರಾನ್ಸ್‌ನ ಬಂದರು ನಗರಿ ಮಾರ್ಸೆಯಲ್ಲಿ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್. ಬ್ರೆಜಿಲ್ ವಿರುದ್ಧ ಇಟಲಿ ಒಂದು ಗೋಲಿನಿಂದ ಮುಂದಿತ್ತು. ಅಷ್ಟರಲ್ಲಿ ಬ್ರೆಜಿಲ್‌ನ ಪೆನಾಲ್ಟಿ ಆವರಣದೊಳಗೆ ಇಟಲಿಯ ಸಿಲ್ವಿಯೊ ಪಿಯೋಲಾ ನೆಲಕ್ಕುರುಳಿದರು. ಒದ್ದವರು ದೊಮಿಂಗೊಸ್ ಡ ಗಿಯಾ. ರೆಫರಿ ಪೆನಾಲ್ಟಿ ನೀಡಿದರು, ಜುಸೆಪ್ಪೆ ಮೆಯಾಜಾ ಗೋಲು ಹೊಡೆದರು. ಕೊನೆಗಳಿಗೆಯಲ್ಲಿ ರೊಮೆಯು ಒಂದು ಗೋಲು ತಂದರೂ ಬ್ರೆಜಿಲ್ 2-1ರಿಂದ ಸೋತಿತು.

ಎದುರಾಳಿಯ ಮೈ ಸೋಕದಂತೆ ಆಡುವುದನ್ನೇ ಕಲೆಯಾಗಿಸಿಕೊಂಡಿದ್ದ ಆಟಗಾರನೊಬ್ಬ ಕ್ಷಣಕಾಲ ತಾಳ್ಮೆ ಕಳೆದುಕೊಂಡದ್ದಕ್ಕೆ ತೆತ್ತ ಬೆಲೆಯಿದು. ಆ ಕಲೆ ಹುಟ್ಟಿದ್ದಾದರೂ ಹೇಗೆ ಎಂಬುದನ್ನು ತಿಳಿಯಬೇಕಾದರೆ ರಿಯೊ ಡಿ ಜನೈರೊದ ಹೊರವಲಯದ ಬಾಂಗುವಿಗೆ ಹೋಗಬೇಕು.

ಬಾಂಗು ಬಟ್ಟೆ ಗಿರಣಿಯ ಊರು. ಗಿರಣಿಯಲ್ಲಿದ್ದ ಬ್ರಿಟಿಷ್ ತಂತ್ರಜ್ಞರು 1904ರಲ್ಲಿ ಅಲ್ಲೊಂದು ಫುಟ್‌ಬಾಲ್ ಕ್ಲಬ್ ಕಟ್ಟಿದ್ದರು. ರಿಯೊದ ಶ್ರೀಮಂತ ಕ್ಲಬ್‌ಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಕಾಲದಲ್ಲೇ ಇಲ್ಲಿ ಗಿರಣಿ ಕಾರ್ಮಿಕರು, ಕಪ್ಪು ವರ್ಣೀಯರು ಕಣಕ್ಕಿಳಿದಿದ್ದರು. ದೊಮಿಂಗೊಸ್ ಹುಟ್ಟಿದ್ದು 1912ರ ನವೆಂಬರ್ 19ರಂದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಗಿ ಆಗಿನ್ನೂ 24 ವರ್ಷವಾಗಿತ್ತಷ್ಟೆ. ಅವರ ಅಣ್ಣಂದಿರೂ ಬಾಂಗು ಆಟಗಾರರೇ. ಅವರಲ್ಲಿ ಲಾದಿಸ್ಲಾವು ಆ ಕ್ಲಬ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವರು.

ಬಾಲ್ಯದಲ್ಲಿ ತಮಗೆ ಮೈದಾನಕ್ಕಿಳಿಯಲು ಭಯವಿತ್ತೆಂದು ದೊಮಿಂಗೊಸ್ ಮುಂದೆ ನೆನಪಿಸಿಕೊಂಡಿದ್ದರು. ಎದುರಾಳಿಗೆ ತಾಗಿದರೆ ಸಾಕು, ಕಪ್ಪು ಆಟಗಾರರಿಗೆ ಏಟು ಬೀಳುವುದನ್ನು ಅವರು ಕಣ್ಣಾರೆ ಕಂಡಿದ್ದರು. ನೃತ್ಯದಲ್ಲಿ ಚುರುಕಾಗಿದ್ದ ಹುಡುಗನಿಗೆ ಆ ಹೆಜ್ಜೆಗಳನ್ನೇ ಆಟಕ್ಕೂ ತರುವಂತೆ ಅಣ್ಣ ಸಲಹೆಯಿತ್ತ. 'ಮಿಯುದಿನ್ಯೊ' ಎಂಬ ಸಾಂಬಾ ಕುಣಿತದ ಪುಟ್ಟಪುಟ್ಟ ಹೆಜ್ಜೆಗಳಿಂದ ದೊಮಿಂಗೊಸ್ ತಮ್ಮದೇ ಡ್ರಿಬ್ಲಿಂಗ್ ಶೈಲಿ ರೂಪಿಸಿಕೊಂಡರು. ಇಂದು ಅದನ್ನು ನೋಡಿ ಚಪ್ಪಾಳೆ ತಟ್ಟುವವರಿಗೆ ಸೊಗಸಷ್ಟೇ ಕಂಡೀತು. ಆದರೆ ಅದರ ಮೂಲದಲ್ಲಿದ್ದದ್ದು ಏಟಿನ ಭಯ.

ಅಂದಿನ ರಕ್ಷಣಾ ಆಟಗಾರರ ಕೆಲಸ ಸರಳ: ಚೆಂಡು ಬಂದರೆ ಬಲವಾಗಿ ಒದ್ದು ದೂರ ಅಟ್ಟುವುದು. ದೊಮಿಂಗೊಸ್ ಹಾಗೆ ಮಾಡಲಿಲ್ಲ. ಎದುರಾಳಿಯ ನಡೆಯನ್ನು ಮೊದಲೇ ಊಹಿಸಿ ಚೆಂಡು ಕಸಿದು, ತಮ್ಮದೇ ಗೋಲಿನ ಮುಂದೆ ನಿಧಾನವಾಗಿ ಒಬ್ಬೊಬ್ಬರನ್ನೇ ವಂಚಿಸಿ ಹೊರಬರುತ್ತಿದ್ದರು. ನೋಡುವವರ ಎದೆ ಬಡಿತ ಏರುತ್ತಿತ್ತು. ಈ ಸಾಹಸಕ್ಕೆ 'ದೊಮಿಂಗಾದಾ' ಎಂಬ ಹೆಸರೇ ಬಿತ್ತು. ಮುಂದೆ ಇತರರು ಅನುಕರಿಸಲು ಹೋಗಿ ಎಡವಿದಾಗಲೂ ಇದೇ ಪದ ಬಳಕೆಯಾದದ್ದು ವಿಪರ್ಯಾಸ.

1932ರ ಡಿಸೆಂಬರ್‌ನಲ್ಲಿ ಮಾಂಟೆವಿಡಿಯೊದಲ್ಲಿ ವಿಶ್ವ ಚಾಂಪಿಯನ್ ಉರುಗ್ವೆಯನ್ನು ಬ್ರೆಜಿಲ್ 2-1ರಿಂದ ಮಣಿಸಿತು. ಆ ಪಂದ್ಯ ಅವರ ಹಣೆಬರಹ ಬದಲಿಸಿತು. ಉರುಗ್ವೆಯ ನಾಸಿಯೊನಾಲ್ ಕ್ಲಬ್ ಅವರನ್ನು ಕರೆಸಿಕೊಂಡು 1933ರ ಪ್ರಶಸ್ತಿ ಗೆದ್ದಿತು. 1934ರಲ್ಲಿ ವಾಸ್ಕೊ ಡ ಗಾಮಾ ಪರ ರಿಯೊ ಚಾಂಪಿಯನ್, 1935ರಲ್ಲಿ ಬೊಕಾ ಜೂನಿಯರ್ಸ್ ಪರ ಅರ್ಜೆಂಟೀನಾ ಚಾಂಪಿಯನ್. ಮೂರು ವರ್ಷ, ಮೂರು ದೇಶ, ಮೂರು ಪ್ರಶಸ್ತಿ!

1936ರಲ್ಲಿ ಫ್ಲಮೆಂಗೊ ಕ್ಲಬ್ ದೊಮಿಂಗೊಸ್, ಲಿಯೊನಿಡಾಸ್ ಮತ್ತು ಫೌಸ್ಟೊ ಎಂಬ ಮೂವರು ಕಪ್ಪು ತಾರೆಯರನ್ನು ಸೇರಿಸಿಕೊಂಡಿತು. ಮೇಲ್ವರ್ಗದ ಕ್ಲಬ್ ಜನಸಾಮಾನ್ಯರ ಕ್ಲಬ್ ಆಗಿ ಬದಲಾಗುವಲ್ಲಿ ಈ ನಿರ್ಧಾರದ ಪಾಲು ದೊಡ್ಡದು. ಅಲ್ಲಿ ಅವರು 1939, 1942 ಮತ್ತು 1943ರಲ್ಲಿ ಪ್ರಶಸ್ತಿ ಗೆದ್ದರು.

ಮತ್ತೆ ಮಾರ್ಸೆಗೆ ಬರೋಣ. ಪಿಯೋಲಾ ಮೊದಲು ಕೆಣಕಿದ್ದರು, ಒದ್ದಾಗ ಚೆಂಡು ಆಟದಲ್ಲೇ ಇರಲಿಲ್ಲ, ಹಾಗಾಗಿ ಪೆನಾಲ್ಟಿ ಸಲ್ಲದು ಎಂಬುದು ಬ್ರೆಜಿಲ್ ಕಡೆಯ ವಾದ. ಚೆಂಡು ಆಟದಲ್ಲಿದ್ದಾಗ ಮಾತ್ರ ಪೆನಾಲ್ಟಿ ಎಂಬ ನಿಯಮವೇನೋ ನಿಜ. ಆದರೆ ರೆಫರಿಯ ತೀರ್ಪು ಬದಲಾಗಲಿಲ್ಲ. ಗೋಲಿನ ಯಂತ್ರವೆನಿಸಿದ್ದ ಲಿಯೊನಿಡಾಸ್ ಆ ದಿನ ಆಡಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಸೋಲಿನ ಹೊಣೆಯನ್ನು ಒಬ್ಬ ದೊಮಿಂಗೊಸ್ ತಲೆಗೆ ಕಟ್ಟುವುದು ಅನ್ಯಾಯವೇ ಸರಿ. ಬ್ರೆಜಿಲ್ ಮುಂದೆ ಸ್ವೀಡನ್ನನ್ನು 4-2ರಿಂದ ಸೋಲಿಸಿ ಮೂರನೇ ಸ್ಥಾನ ಪಡೆಯಿತು. ಯುದ್ಧದ ಕಾರಣ 1942 ಮತ್ತು 1946ರಲ್ಲಿ ವಿಶ್ವಕಪ್ ನಡೆಯಲೇ ಇಲ್ಲ. ಅವರಿಗೆ ಎರಡನೇ ಅವಕಾಶ ಸಿಗಲಿಲ್ಲ.

1944ರಲ್ಲಿ ಸಾವೊ ಪಾಲೊದ ಕೊರಿಂಥಿಯನ್ಸ್ ಸೇರಿದರೂ ಅಲ್ಲಿ ರಾಜ್ಯ ಪ್ರಶಸ್ತಿ ಕೈಗೂಡಲಿಲ್ಲ. ಆಟ ಮುಗಿಸಿದ್ದು ಹುಟ್ಟೂರಿನ ಬಾಂಗುವಿನಲ್ಲೇ.

'ದಿವ್ಯ ಗುರು' ಎಂಬುದು ಅಭಿಮಾನಿಗಳು ಅವರಿಗಿತ್ತ ಬಿರುದು. ಮಗ ಅದೆಮಿರ್ ಡ ಗಿಯಾ ಪಾಲ್ಮೇರಾಸ್ ಪರ 900ಕ್ಕೂ ಹೆಚ್ಚು ಪಂದ್ಯಗಳನ್ನಾಡಿದಾಗ 'ದಿವ್ಯ' ಎಂಬ ಅರ್ಧ ಬಿರುದು ಅವರ ಪಾಲಿಗೆ ಬಂತು. ವಿಶ್ವಕಪ್ ಮಾತ್ರ ಮಗನಿಗೂ ಒಲಿಯಲಿಲ್ಲ. 1974ರಲ್ಲಿ ಅದೆಮಿರ್‌ಗೆ ದೊರೆತದ್ದು ಪೋಲೆಂಡ್ ವಿರುದ್ಧ ಮೂರನೇ ಸ್ಥಾನದ ಒಂದೇ ಪಂದ್ಯ, ಅದರಲ್ಲೂ ನಡುವೆಯೇ ಹೊರಕ್ಕೆ.

ದೊಮಿಂಗೊಸ್ 2000ದ ಮೇ 18ರಂದು ರಿಯೊದಲ್ಲಿ ನಿಧನರಾದರು. ಅವರಿಗೆ 87 ವರ್ಷ ವಯಸ್ಸಾಗಿತ್ತು.