ಸೋದರಿ ನಟಿ ಅಲ್ಲ, ಅಜ್ಜಿ ನಟಿ: ಮಾರ್ಗರೆಟ್ ರುದರ್‌ಫೋರ್ಡ್

ಇಂಗ್ಲೆಂಡಿನ ಹಾಸ್ಯನಟರು ಅಂದ ಕೂಡಲೇ ನಮಗೆ ನೆನಪಾಗೋದು ಚಾರ್ಲಿ ಚಾಪ್ಲಿನ್. ಅದೇ ದೇಶದಲ್ಲಿ ಒಬ್ಬ ಅಜ್ಜಿ ಕೂಡ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದರು. ಅವರೇ ಮಾರ್ಗರೆಟ್ ರುದರ್‌ಫೋರ್ಡ್.

ಮಾರ್ಗರೆಟ್ 1892ನೇ ಇಸವಿ ಮೇ 11ರಂದು ಲಂಡನ್ನಿನಲ್ಲಿ ಹುಟ್ಟಿದರು. ಅದಕ್ಕೆ 9 ವರ್ಷ ಮೊದಲು ಆ ಮನೆತನದಲ್ಲಿ ಒಂದು ಘೋರ ನಡೆದಿತ್ತು. ಅವರ ತಂದೆ ವಿಲಿಯಂ ಬೆನ್ ಬುದ್ಧಿಭ್ರಮಣೆಯಾಗಿ ತನ್ನ ಹೆತ್ತ ತಂದೆಯನ್ನೇ ಕೊಂದಿದ್ದರು. ಅವರನ್ನು ಬ್ರಾಡ್‌ಮೂರ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ ಇಟ್ಟಿದ್ದರು. 1890ರಲ್ಲಿ ಬಿಡುಗಡೆಯಾದ ಮೇಲೆ ಬೆನ್ ಎಂಬ ಹೆಸರು ಬಿಟ್ಟು, ರುದರ್‌ಫೋರ್ಡ್ ಅಂತ ಇಟ್ಟುಕೊಂಡು, ಹೆಂಡತಿ ಮಗುವಿನ ಜೊತೆ ಮದರಾಸಿಗೆ ಬಂದರು. ಹೌದು, ನಮ್ಮ ಪಕ್ಕದ ಈಗಿನ ಚೆನ್ನೈಗೇ! ಹೊಸ ಊರಲ್ಲಿ ಹಳೇದನ್ನು ಮರೆಯಬಹುದು ಅಂದುಕೊಂಡಿದ್ದರೋ ಏನೋ. ಆದರೆ ಅಲ್ಲಿ ತಾಯಿ ಆತ್ಮಹತ್ಯೆ ಮಾಡಿಕೊಂಡರು. 3 ವರ್ಷದ ಮಾರ್ಗರೆಟ್ ಇಂಗ್ಲೆಂಡಿಗೆ ವಾಪಸ್ಸಾಗಿ, ವಿಂಬಲ್ಡನ್ನಿನಲ್ಲಿ ತಾಯಿಯ ಸೋದರಿ ಬೆಸ್ಸಿಯವರ ಮನೆಯಲ್ಲಿ ಬೆಳೆದರು.

ತಂದೆ ತೀರಿಹೋದರು ಅಂತ ಮಗುವಿಗೆ ಹೇಳಿದ್ದರು. ಸುಮಾರು 12ನೇ ವಯಸ್ಸಿನಲ್ಲಿ ನಿಜ ತಿಳಿಯಿತು. ತಂದೆ ಬದುಕಿದ್ದರು, ಮತ್ತೆ ಬ್ರಾಡ್‌ಮೂರಿಗೆ ಸೇರಿದ್ದರು. ಅಂದರೆ ನಮ್ಮ ಏಳನೇ ಕ್ಲಾಸಿನವರ ವಯಸ್ಸು. ಅವತ್ತಿನಿಂದ ತನಗೂ ಹಾಗೇ ಆಗಿಬಿಟ್ಟರೆ ಎಂಬ ಭಯ ಅವರನ್ನು ಬಿಡಲಿಲ್ಲ. ದೊಡ್ಡವರಾದ ಮೇಲೂ ಆಗಾಗ ಮನಸ್ಸು ಕುಸಿದು ಚಿಕಿತ್ಸೆ ಪಡೆಯಬೇಕಾಗುತ್ತಿತ್ತು.

ನಾಟಕದ ಆಸೆ ಚಿಕ್ಕಂದಿನಿಂದಲೂ ಇತ್ತು. ಆದರೆ ಹೊಟ್ಟೆಪಾಡಿಗೆ ಪಿಯಾನೋ ಪಾಠ, ಮಾತುಗಾರಿಕೆಯ ಪಾಠ ಹೇಳಿಕೊಡುತ್ತಾ ವರ್ಷಗಳು ಕಳೆದವು. ಬೆಸ್ಸಿಯವರು ತೀರಿಕೊಂಡಾಗ ಸ್ವಲ್ಪ ಹಣ ಬಿಟ್ಟುಹೋದರು. ಅದರ ಧೈರ್ಯದ ಮೇಲೆ 1925ರಲ್ಲಿ ಓಲ್ಡ್ ವಿಕ್ ನಾಟಕಶಾಲೆಗೆ ಸೇರಿದರು. ಆಗ ವಯಸ್ಸು 33! ದಪ್ಪ ದೇಹ, ಜೋಲುವ ಗಲ್ಲ, ದೊಡ್ಡ ಕಣ್ಣು. ನಾಯಕಿಯ ಪಾತ್ರ ಯಾರು ಕೊಡ್ತಾರೆ? ಲಂಡನ್ನಿನ ದೊಡ್ಡ ರಂಗಮಂದಿರಗಳಿಗೆ ಕಾಲಿಡುವಾಗ 41 ಆಗಿತ್ತು.

ಹೆಸರು ತಂದದ್ದು ನೋಯೆಲ್ ಕವರ್ಡ್ ಬರೆದ ಬ್ಲೈತ್ ಸ್ಪಿರಿಟ್ ನಾಟಕ. 1941, ಯುದ್ಧದ ಕಾಲ. ಅದರಲ್ಲಿ ಅವರದು ದೆವ್ವಗಳನ್ನು ಕರೆಸುವ ಮೇಡಂ ಅರ್ಕಾಟಿ ಪಾತ್ರ. ಅಂಥವರನ್ನು ನಂಬುವ ಜನರನ್ನು ಗೇಲಿ ಮಾಡಬಾರದು ಅಂತ ಮೊದಲು ಅವರು ಹಿಂದೇಟು ಹಾಕಿದ್ದರಂತೆ. ಕೊನೆಗೆ ಒಪ್ಪಿ, ಒಂಚೂರೂ ತಮಾಷೆ ಮಾಡದೆ ಬಹಳ ಗಂಭೀರವಾಗಿ ಅಭಿನಯಿಸಿದರು. ಅದಕ್ಕೇ ಜನ ಬಿದ್ದು ಬಿದ್ದು ನಕ್ಕರು. 1945ರ ಸಿನಿಮಾದಲ್ಲಿ ಸೈಕಲ್ ತುಳಿದುಕೊಂಡು ಬರುವುದೂ ಅವರೇ.

ನಮ್ಮ ಮೇಷ್ಟ್ರುಗಳಿಗೆ ಇಷ್ಟವಾಗುವ ಚಿತ್ರ 1950ರದು. ಸರ್ಕಾರಿ ಕಚೇರಿಯ ತಪ್ಪಿನಿಂದ ಒಂದು ಹುಡುಗಿಯರ ಶಾಲೆಯನ್ನು ಹುಡುಗರ ಶಾಲೆಯ ಕಟ್ಟಡಕ್ಕೇ ಕಳಿಸಿಬಿಡುತ್ತಾರೆ. ಮಾರ್ಗರೆಟ್ ಹುಡುಗಿಯರ ಹೆಡ್‌ಮಿಸ್. ಹುಡುಗರ ಹೆಡ್‌ಮಾಸ್ಟರ್ ಆಗಿ ಆಲಸ್ಟೇರ್ ಸಿಮ್. ಮುಂದೆ ಏನೇನು ಗಲಾಟೆ ಆಗಿರಬಹುದು ನೀವೇ ಊಹಿಸಿ.

1945ರಲ್ಲಿ ನಟ ಸ್ಟ್ರಿಂಗರ್ ಡೇವಿಸ್ ಅವರನ್ನು ಮದುವೆಯಾದರು. ಮನಸ್ಸು ಕುಸಿದಾಗಲೆಲ್ಲ ನೋಡಿಕೊಂಡವರು ಅವರೇ. 1961ರಿಂದ 1964ರವರೆಗೆ ನಾಲ್ಕು ಚಿತ್ರಗಳಲ್ಲಿ ಮಾರ್ಗರೆಟ್, ಅಗಾಥಾ ಕ್ರಿಸ್ಟಿ ಸೃಷ್ಟಿಸಿದ ಪತ್ತೇದಾರಿಣಿ ಮಿಸ್ ಮಾರ್ಪಲ್ ಆದರು. ಪುಸ್ತಕದ ಮಾರ್ಪಲ್ ತೆಳ್ಳಗಿನ, ಮೆದುಮಾತಿನ ಮುದುಕಿ. ಇವರೋ ಅದಕ್ಕೆ ತದ್ವಿರುದ್ಧ! ತಮ್ಮ ಸ್ವಂತ ಬಟ್ಟೆಗಳನ್ನೇ ಹಾಕಿಕೊಂಡು, ಗಂಡನಿಗೂ ಒಂದು ಪಾತ್ರ ಬೇಕೇಬೇಕು ಅಂತ ಹಟ ಹಿಡಿದರು. ಪುಸ್ತಕದಲ್ಲಿ ಇಲ್ಲದ ಮಿಸ್ಟರ್ ಸ್ಟ್ರಿಂಗರ್ ಹುಟ್ಟಿಕೊಂಡದ್ದು ಹೀಗೆ. ಕ್ರಿಸ್ಟಿಗೆ ಆ ಚಿತ್ರಗಳು ಹಿಡಿಸಲಿಲ್ಲ, ಆದರೂ 1962ರ ತಮ್ಮ ಒಂದು ಕಾದಂಬರಿಯನ್ನು ಮಾರ್ಗರೆಟ್‌ಗೆ ಅರ್ಪಿಸಿದರು.

1963ರ ಒಂದು ಚಿತ್ರದಲ್ಲಿ ಕೈ ಬರಿದಾದ ಕುಲೀನ ಮನೆತನದ ಮುದುಕಿಯ ಪಾತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಆಗ ಅವರಿಗೆ 71. 1967ರಲ್ಲಿ ಡೇಮ್ ಎಂಬ ಬಿರುದೂ ಬಂತು.

1972ನೇ ಇಸವಿ ಮೇ 22ರಂದು ಮಾರ್ಗರೆಟ್ ತೀರಿಕೊಂಡರು. ಕೊನೆಯ ದಿನಗಳಲ್ಲಿ ಜೊತೆಗಿದ್ದು ಆರೈಕೆ ಮಾಡಿದ ಸ್ಟ್ರಿಂಗರ್ ಡೇವಿಸ್ ಮರುವರ್ಷವೇ ತೀರಿಹೋದರು.