ಡೆನಿಸ್ ರಿಚಿ ಮತ್ತು ನಮ್ಮ ಲ್ಯಾಬ್ ಜಗಳ

ಲ್ಯಾಬ್‌ನಲ್ಲಿ ಲಿನಕ್ಸ್ ಆನ್ ಮಾಡಿ ಕೂತರೆ ಸಾಕು, ನಮ್ಮಲ್ಲಿ ಜಗಳ ಶುರು. ಪೈಥಾನ್ ಕಲಿಯೋದಾ, ಜಾವಾನಾ, ಇಲ್ಲ ನೇರ ರಸ್ಟ್‌ಗೆ ಹಾರಿಬಿಡೋದಾ? ಸಿ ಅಂದರೆ ಮಾತ್ರ ಎಲ್ಲರ ಮುಖ ಸಪ್ಪೆ. ಫಸ್ಟ್ ಇಯರ್‌ನಲ್ಲಿ ಪಾಯಿಂಟರ್ ಚಾಪ್ಟರ್ ಬಂದಾಗ ಅರ್ಧ ಕ್ಲಾಸೇ ಸುಸ್ತಾಗಿತ್ತು. ನಮಗೆ ಆರಿಸಿಕೊಳ್ಳೋಕೆ ಇಷ್ಟೊಂದು ಭಾಷೆಗಳಿವೆ. ಆದರೆ ಸಿ ಮಾಡಿದ ಡೆನಿಸ್ ರಿಚಿಗೆ ತಮ್ಮ ಕೆಲಸಕ್ಕೆ ಸರಿಹೊಂದುವ ಒಂದು ಭಾಷೆಯೂ ಇರಲಿಲ್ಲ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್ ಊರಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸದಲ್ಲಿದ್ದರು. ಮಗ ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಓದಿ, ಆಮೇಲೆ ಅಪ್ಲೈಡ್ ಮ್ಯಾಥ್ಸ್‌ನಲ್ಲಿ ಪಿಎಚ್‌ಡಿಗೆ ಸೇರಿದರು. 1968ರಲ್ಲಿ ಥೀಸಿಸ್ ಬರೆದೂ ಆಯ್ತು. ಆದರೆ ಬೈಂಡ್ ಮಾಡಿಸಿದ ಪ್ರತಿಯನ್ನು ಲೈಬ್ರರಿಗೆ ಕೊಡಲೇ ಇಲ್ಲ, ಹಾಗಾಗಿ ಡಿಗ್ರಿಯೂ ಸಿಗಲಿಲ್ಲ! ರೆಕಾರ್ಡ್ ಸಬ್ಮಿಷನ್ ಹಿಂದಿನ ರಾತ್ರಿ ಜೆರಾಕ್ಸ್ ಅಂಗಡಿ ಮುಂದೆ ಕ್ಯೂ ನಿಲ್ಲುವ ನಮಗೆ ಇದನ್ನು ನಂಬೋಕೇ ಕಷ್ಟ.

ಅಷ್ಟರಲ್ಲಿ, 1967ರಲ್ಲೇ, ಅವರೂ ಬೆಲ್ ಲ್ಯಾಬ್ಸ್ ಸೇರಿದ್ದರು. 1969ರಲ್ಲಿ ಮಲ್ಟಿಕ್ಸ್ ಎಂಬ ಭಾರೀ ಆಪರೇಟಿಂಗ್ ಸಿಸ್ಟಂ ಪ್ರಾಜೆಕ್ಟ್‌ನಿಂದ ಬೆಲ್ ಲ್ಯಾಬ್ಸ್ ಹೊರಬಂತು. ಸಹೋದ್ಯೋಗಿ ಕೆನ್ ಥಾಂಪ್ಸನ್ ಪಿಡಿಪಿ-7 ಎಂಬ ಸಣ್ಣ ಮೆಷಿನ್ ಹಿಡಿದು ತಮ್ಮದೇ ಪುಟ್ಟ ಸಿಸ್ಟಂ ಕಟ್ಟೋಕೆ ಕೂತರು, ರಿಚಿ ಜೊತೆಯಾದರು. ಅದೇ ಯುನಿಕ್ಸ್. ಬರೆದದ್ದು ಅಸೆಂಬ್ಲಿಯಲ್ಲಿ. ಅದರ ಮೇಲೆ ಬಳಸೋಕೆ ಥಾಂಪ್ಸನ್ ಮೊದಲು ಫೋರ್ಟ್ರಾನ್ ಟ್ರೈ ಮಾಡಿ ಬೇಗನೆ ಕೈಬಿಟ್ಟರು. ಬಿಸಿಪಿಎಲ್ ಎಂಬ ಭಾಷೆಯನ್ನು ಚಿಕ್ಕದಾಗಿಸಿ, ಬಿ ಅಂತ ಹೆಸರಿಟ್ಟರು.

ಬಿ ಭಾಷೆಯಲ್ಲಿ ಟೈಪ್‌ಗಳೇ ಇಲ್ಲ. ನಂಬರ್ರೋ ಅಕ್ಷರವೋ ಅಡ್ರೆಸ್ಸೋ, ಎಲ್ಲವೂ ಒಂದು ಮೆಷಿನ್ ವರ್ಡ್. ಆಮೇಲೆ ಬಂದ ಪಿಡಿಪಿ-11 ಒಂದೊಂದು ಬೈಟಿಗೂ ಅಡ್ರೆಸ್ ಕೊಡುವ ಮೆಷಿನ್. ಅಲ್ಲಿ ಒಂದು ಅಕ್ಷರ ಹೊರತೆಗೆಯೋಕೂ ಬಿ ಭಾಷೆಯಲ್ಲಿ ಸರ್ಕಸ್ ಮಾಡಬೇಕಿತ್ತು. 1971ರಲ್ಲಿ ರಿಚಿ ಅದಕ್ಕೆ ಟೈಪ್‌ಗಳನ್ನು ಸೇರಿಸತೊಡಗಿದರು, ಕಂಪೈಲರನ್ನೂ ಹೊಸದಾಗಿ ಬರೆದರು. ಹೀಗೆ ಸಿ ಹುಟ್ಟಿತು. 1972ರಲ್ಲಿ ಥಾಂಪ್ಸನ್ ಯುನಿಕ್ಸನ್ನು ಸಿಯಲ್ಲಿ ಬರೆಯೋಕೆ ಹೋಗಿ ಕೈಚೆಲ್ಲಿದ್ದರು, ಆಗಿನ್ನೂ ಅದರಲ್ಲಿ ಸ್ಟ್ರಕ್ಚರ್ ಇರಲಿಲ್ಲ. ಹೌದು, ಪರೀಕ್ಷೆಗೆ ಬರುತ್ತೆ ಅಂತ ನಾವು ಬಾಯಿಪಾಠ ಹೊಡೆದ ಅದೇ ಸ್ಟ್ರಕ್ಚರ್. ಅದು ಸೇರಿದ ಮೇಲೆ 1973ರ ಬೇಸಿಗೆಯಲ್ಲಿ ಕರ್ನೆಲ್ ಸಿಯಲ್ಲಿ ಬಂತು.

ನಮ್ಮ ಪ್ರಕಾರ ಅವರ ದೊಡ್ಡ ಕೆಲಸ ಇದೇ. ಆಪರೇಟಿಂಗ್ ಸಿಸ್ಟಂ ಒಂದೇ ಮೆಷಿನ್ನಿಗೆ ಅಂಟಿಕೊಂಡಿರಬೇಕಾಗಿಲ್ಲ ಅಂತ ಆಯ್ತು. ಮುಂದೆ ರಿಚಿಯೇ ಸಹೋದ್ಯೋಗಿಯೊಬ್ಬರ ಜೊತೆ ಯುನಿಕ್ಸನ್ನು ಬೇರೆ ಕಂಪನಿಯ ಮೆಷಿನ್ನಿಗೆ ಸಾಗಿಸಿ ತೋರಿಸಿದರು. 1978ರಲ್ಲಿ ಬ್ರಯಾನ್ ಕರ್ನಿಘನ್ ಜೊತೆ ಸಿ ಪುಸ್ತಕ, 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ.

ಯುನಿಕ್ಸ್ ಎಲ್ಲರಿಗೂ ಮುಕ್ತವಾಗಿರಲಿಲ್ಲ. ಅದರಂಥದ್ದನ್ನೇ ಮುಕ್ತವಾಗಿ ಕಟ್ಟಲು ಹೊರಟವರೂ ಸಿಯನ್ನೇ ಆರಿಸಿದರು. 1987ರ ಜಿಸಿಸಿ ಕಂಪೈಲರ್ ಆಗಲಿ, 1991ರ ಲಿನಕ್ಸ್ ಕರ್ನೆಲ್ ಆಗಲಿ, ಎರಡೂ ಸಿಯಲ್ಲೇ. ಲ್ಯಾಬ್‌ನಲ್ಲಿ ನಾವು ಓಡಿಸುವ ಪೈಥಾನ್ ಇಂಟರ್‌ಪ್ರಿಟರ್ ಕೂಡ ಸಿಯಲ್ಲೇ ಬರೆದದ್ದು. ಪೈಥಾನ್ ಪಾರ್ಟಿಯವರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಹಾಗಂತ ಸಿಯಲ್ಲಿ ತಪ್ಪಿಲ್ಲ ಅಂತಲ್ಲ. ಅರೇ ದಾಟಿ ಬರೆದರೂ ಅದು ತಡೆಯಲ್ಲ. ಎಷ್ಟೋ ಸೆಕ್ಯುರಿಟಿ ತೂತುಗಳಿಗೆ ಅದೇ ಮೂಲ. 2022ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ರಸ್ಟ್ ಕಾಲಿಟ್ಟಿದ್ದೂ ಅದಕ್ಕೇ. ರಸ್ಟ್ ಪಾರ್ಟಿಯವರಿಗೆ ಅಷ್ಟು ಮಾರ್ಕ್ಸ್ ಕೊಡಲೇಬೇಕು.

2007ರಲ್ಲಿ ರಿಚಿ ನಿವೃತ್ತರಾದರು. ನ್ಯೂಜೆರ್ಸಿಯ ಬರ್ಕ್‌ಲಿ ಹೈಟ್ಸ್‌ನಲ್ಲಿ ಒಬ್ಬರೇ ಇದ್ದರು. 2011ರ ಅಕ್ಟೋಬರ್ 12ರಂದು ಮನೆಯಲ್ಲಿ ಅವರು ತೀರಿಕೊಂಡಿದ್ದು ಗೊತ್ತಾಯಿತು. ವಯಸ್ಸು 70. ಒಂದು ವಾರದ ಹಿಂದಷ್ಟೇ ಸ್ಟೀವ್ ಜಾಬ್ಸ್ ಹೋಗಿದ್ದರು, ಪೇಪರ್ ಟೀವಿ ತುಂಬ ಅದೇ ಸುದ್ದಿ. ರಿಚಿ ಹೋದದ್ದು ಹೆಚ್ಚು ಜನಕ್ಕೆ ಗೊತ್ತೇ ಆಗಲಿಲ್ಲ. ಮುಂದಿನ ತಿಂಗಳು ಬಂದ ಫೆಡೋರಾ 16, ಆಮೇಲೆ 2012ರ ಜನವರಿಯಲ್ಲಿ ಬಂದ ಫ್ರೀಬಿಎಸ್‌ಡಿ 9.0, ಎರಡನ್ನೂ ಮಾಡಿದವರು ಅವರ ನೆನಪಿಗೆ ಅರ್ಪಿಸಿದರು.